ಗ್ರಾಫಿಕ್ಸ್ ಮೋಡ್ ಬದಲಿಸಿದರೆ ಲ್ಯಾಪ್‌ಟಾಪ್ ಫ್ರೀಜ್: ಮಡಿಕೇರಿ ಮಳೆಯಲ್ಲಿ ಯಾವ ದಾರಿ ನಡೆಯಿತು?

ಗೇಮಿಂಗ್ ಲ್ಯಾಪ್‌ಟಾಪ್ ಒಳಗೆ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತವೆ. ಪ್ರೊಸೆಸರ್ ಜೊತೆಗೇ ಬರುವ ಚಿಕ್ಕದು ಒಂದು, ಗೇಮ್‌ಗೆ ಅಂತಲೇ ಇರುವ ದೊಡ್ಡದು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನನ್ನ ಲ್ಯಾಪ್‌ಟಾಪ್ ಪೂರ್ತಿ ನಿಂತುಬಿಡುತ್ತಿತ್ತು. ಮಳೆಗಾಲದಲ್ಲಂತೂ ಇದು ಜೋರು. ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬ್ಯಾಟರಿ ಉಳಿಸಬೇಕು ಅಂದರೆ ಮೋಡ್ ಬದಲಿಸಲೇಬೇಕು. ಸರ್ವಿಸ್‌ಗೆ ಮೈಸೂರಿನವರೆಗೆ ಹೋಗುವ ಮೊದಲು ಮನೆಯಲ್ಲೇ ಇರುವ ದಾರಿಗಳನ್ನೆಲ್ಲ ನೋಡಿಬಿಡೋಣ ಅಂದುಕೊಂಡೆ.

ಮೊದಲು ಒಂದು ಪರೀಕ್ಷೆ. ಫ್ರೀಜ್ ಆದ ಕೂಡಲೇ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹೊತ್ತಿ ಆರಿದರೆ ವಿಂಡೋಸ್ ಇನ್ನೂ ಬದುಕಿದೆ, ಪರದೆ ಮಾತ್ರ ಸಿಕ್ಕಿಹಾಕಿಕೊಂಡಿದೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಬೇಕು. ಒಂದು ಬೀಪ್ ಬರುತ್ತದೆ, ಪರದೆ ಒಮ್ಮೆ ಕಪ್ಪಾಗುತ್ತದೆ, ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸನ್ನು ನಡೆಸುವ ಸಾಫ್ಟ್‌ವೇರ್, ಹೊಸದಾಗಿ ಶುರುವಾಗುತ್ತದೆ. ನನಗೆ ಹೆಚ್ಚಿನ ಸಲ ಇಷ್ಟರಲ್ಲೇ ಜೀವ ಬಂದಿದೆ. ದೀಪವೂ ಅಲ್ಲಾಡದಿದ್ದರೆ ಪವರ್ ಬಟನ್ನೇ ಗತಿ. ಹಾಗೆ ಆಫ್ ಮಾಡಿದ ಮೇಲೆ, ವಿಂಡೋಸ್ ತನ್ನೊಳಗೆ ನಡೆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಅಂತ ಕೆಂಪಗೆ ಕಾಣುತ್ತದೆ. ಅದನ್ನು ನೋಡಿ ಚಾರ್ಜರ್ ಹಾಳಾಗಿದೆ ಅಂತ ಹೊಸದು ತರಿಸಿದವರಿದ್ದಾರೆ. ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನುವುದಷ್ಟೇ ಅದರ ಅರ್ಥ. ಹುಡುಕಬೇಕಾದದ್ದು ಅದಕ್ಕಿಂತ ಸ್ವಲ್ಪ ಮೊದಲಿನ 'ಡಿಸ್‌ಪ್ಲೇ 4101' ಥರದ ಸಾಲು. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿ ಮತ್ತೆ ಎದ್ದಿತು ಅಂತ ಅಲ್ಲಿ ಬರೆದಿರುತ್ತದೆ.

ಇನ್ನು ಹೋಲಿಕೆ. ಲ್ಯಾಪ್‌ಟಾಪ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ಒಂದು ಆಟೋ ಮೋಡ್ ಇತ್ತು. ಚಾರ್ಜರ್ ತೆಗೆದರೆ ದೊಡ್ಡ ಗ್ರಾಫಿಕ್ಸ್ ಪೂರ್ತಿ ಆಫ್, ಚುಚ್ಚಿದರೆ ಆನ್. ಕೇಳಲು ಚೆನ್ನಾಗಿದೆ. ಇಲ್ಲಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕರೆಂಟ್ ಒಮ್ಮೆ ಮಿನುಗಿದರೂ ಸಾಕು, ಚಾರ್ಜರ್ ತೆಗೆದರು ಅಂತ ಅದು ತಿಳಿದುಕೊಳ್ಳುತ್ತದೆ. ಗೇಮ್ ಓಡುತ್ತಿರುವಾಗಲೇ ಅದರ ಕೆಳಗಿಂದ ಗ್ರಾಫಿಕ್ಸ್ ಎಳೆಯಲು ಹೋಗುತ್ತದೆ. ಶಬ್ದ ಒಂದೇ ಕಡೆ ಗರ್ರ್ ಅಂತ ಸಿಕ್ಕಿಕೊಳ್ಳುತ್ತದೆ, ಮೌಸ್ ಅಲ್ಲಾಡುವುದಿಲ್ಲ, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಇದನ್ನು ತೆಗೆದುಹಾಕಿದ್ದರಿಂದಲೇ ಅರ್ಧ ಕಾಟ ತಪ್ಪಿತು.

ಕೈಯಿಂದ 'ಚಿಕ್ಕದು ಮಾತ್ರ' ಅಂತ ಬದಲಿಸುವುದು ಎರಡನೆಯ ದಾರಿ. ಆಟೋಗಿಂತ ವಾಸಿ, ಯಾವಾಗ ಅನ್ನುವುದು ನಮ್ಮ ಕೈಯಲ್ಲಿರುತ್ತದೆ ಅಲ್ವಾ. ಆದರೂ ಕೆಲವು ಸಲ ನಿಲ್ಲುತ್ತಿತ್ತು. ದೊಡ್ಡ ಗ್ರಾಫಿಕ್ಸನ್ನು ಯಾವುದಾದರೂ ಪ್ರೋಗ್ರಾಂ ಹಿಡಿದುಕೊಂಡಿದ್ದರೆ ಅದು ಸುಲಭಕ್ಕೆ ಬಿಡುವುದಿಲ್ಲ. ಯಾರು ಹಿಡಿದಿದ್ದಾರೆ ಅಂತ ನೋಡಲು, ದೊಡ್ಡ ಗ್ರಾಫಿಕ್ಸ್ ಎನ್‌ವಿಡಿಯಾ ಕಂಪನಿಯದ್ದಾದರೆ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನ 'ಡೆಸ್ಕ್‌ಟಾಪ್' ಮೆನುವಿನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಆಕ್ಟಿವಿಟಿ ಐಕಾನ್ ಆನ್ ಮಾಡಿ. ಗಡಿಯಾರದ ಪಕ್ಕ ಒಂದು ಪುಟ್ಟ ಐಕಾನ್ ಬರುತ್ತದೆ, ಒತ್ತಿದರೆ ಹೆಸರುಗಳು ಸಿಗುತ್ತವೆ. ನನ್ನದರಲ್ಲಿ ಗೇಮ್ ಲಾಂಚರ್ (ಗೇಮ್‌ಗಳನ್ನು ಶುರುಮಾಡುವ ಪ್ರೋಗ್ರಾಂ) ಒಂದು, ಅಲ್ಲಾಡುವ ವಾಲ್‌ಪೇಪರ್ ಇನ್ನೊಂದು. ವಾಲ್‌ಪೇಪರಿಗೆ ಅಷ್ಟು ದುಡ್ಡಿನ ಗ್ರಾಫಿಕ್ಸ್! ಎರಡನ್ನೂ ಮುಚ್ಚಿ ಬದಲಿಸಿದರೆ ತೊಂದರೆ ಇಲ್ಲ. ಪ್ರತಿ ಸಲ ನೆನಪಿಟ್ಟು ಮುಚ್ಚುವವರಿಗೆ ಈ ದಾರಿ ಆಗಬಹುದು. ನನಗಂತೂ ಆಗಲ್ಲ.

ಹಳೆ ಡ್ರೈವರ್ ಬೇರು ಸಮೇತ ಕಿತ್ತು ಹೊಸದು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನೂ ಮಾಡಿದೆ. ವಿಂಡೋಸನ್ನು ಅಗತ್ಯದಷ್ಟೇ ಡ್ರೈವರ್‌ಗಳೊಂದಿಗೆ ತೆರೆಯುವ ಸೇಫ್ ಮೋಡ್‌ಗೆ ಹೋಗಿ, ಹಳೆ ಡ್ರೈವರ್ ಪೂರ್ತಿ ಅಳಿಸುವ ಡಿಡಿಯು ಅನ್ನುವ ಪ್ರೋಗ್ರಾಂ ಓಡಿಸಬೇಕು. ಅದಕ್ಕೆ ಮೊದಲು ವೈಫೈ ಆಫ್ ಮಾಡಬೇಕು, ಇಲ್ಲದಿದ್ದರೆ ವಿಂಡೋಸ್ ನಡುವೆ ತನ್ನದೇ ಡ್ರೈವರ್ ಹಾಕಿಕೊಳ್ಳುತ್ತದೆ. ಚಿಕ್ಕ ಗ್ರಾಫಿಕ್ಸ್‌ನ ಡ್ರೈವರನ್ನು ಲ್ಯಾಪ್‌ಟಾಪ್ ಮಾಡೆಲ್‌ನ ಪುಟದಿಂದಲೇ ತೆಗೆದುಕೊಂಡು ಮೊದಲು ಹಾಕಿದೆ, ಆಮೇಲೆ ದೊಡ್ಡದರದ್ದು. ಫೈಲ್ ಅರ್ಧ ಜಿಬಿಗಿಂತ ಜಾಸ್ತಿ. ನಮ್ಮ ಕಡೆ ನೆಟ್‌ನಲ್ಲಿ ರಾತ್ರಿ ಡೌನ್‌ಲೋಡ್ ಹಾಕಿ ಮಲಗುವುದೇ ಒಳ್ಳೆಯದು. ಫಲ? ಸುಮ್ಮನೆ ಡೆಸ್ಕ್‌ಟಾಪ್‌ನಲ್ಲಿದ್ದಾಗ ಬದಲಿಸಿದರೆ ಫ್ರೀಜ್ ಆಗುವುದು ನಿಂತಿತು. ಲಾಂಚರ್ ತೆರೆದಿದ್ದರೆ ಮತ್ತೆ ಅದೇ ಕಥೆ.

ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಲ್ಯಾಪ್‌ಟಾಪ್‌ನ ಮೂಲ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಮಾಡುವವರು ಗಾಳಿಮಳೆ ಇಲ್ಲದ ದಿನ, ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಯೇ ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಅಪ್‌ಡೇಟ್ ಆದ ಮೇಲೆ ಕೇಳಬಹುದು.

ಪರದೆಗೆ ಯಾವ ಗ್ರಾಫಿಕ್ಸ್ ಜೋಡಿಸಬೇಕು ಅಂತ ಬದಲಿಸುವ ಮಕ್ಸ್ ಸ್ವಿಚ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ದಾರಿ ಇದೆ. ದೊಡ್ಡ ಗ್ರಾಫಿಕ್ಸನ್ನು ಪರದೆಗೆ ನೇರವಾಗಿ ಜೋಡಿಸುವುದು. ಎರಡೂ ಗ್ರಾಫಿಕ್ಸ್ ಬಳಸುವ ಮಾಮೂಲಿ ಹೈಬ್ರಿಡ್ ಮೋಡ್‌ನಲ್ಲಿ ದೊಡ್ಡದು ಬರೆದ ಚಿತ್ರ ಚಿಕ್ಕದರ ಮೂಲಕ ಪರದೆಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪ ಫ್ರೇಮ್ ಸೋರುತ್ತದೆ. ನೇರ ಮೋಡ್‌ನಲ್ಲಿ ಆ ಸೋರಿಕೆ ಇಲ್ಲ. ನನ್ನದರಲ್ಲಿ ಬದಲಿಸಲು ರೀಸ್ಟಾರ್ಟ್ ಬೇಕು, ಹಾಗಾಗಿ ಫ್ರೀಜ್‌ಗೆ ಅವಕಾಶವೇ ಇಲ್ಲ. ಗೇಮ್ ಆಡಲು ಇದೇ ಎಲ್ಲಕ್ಕಿಂತ ಚೆಂದ. ಆದರೆ ಕರೆಂಟ್ ಹೋದರೆ ಬ್ಯಾಟರಿ ನೋಡುತ್ತಿದ್ದಂತೆ ಖಾಲಿ. ಬೇಸಿಗೆಗೆ ಇದು ಸರಿ, ಜುಲೈಗೆ ಅಲ್ಲ.

ಈಗ ನಾನು ವರ್ಷದ ಹೆಚ್ಚಿನ ಕಾಲ ಹೈಬ್ರಿಡ್‌ನಲ್ಲೇ ಬಿಟ್ಟಿದ್ದೇನೆ, ಮೋಡ್ ಮುಟ್ಟುವುದೇ ಇಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋದರೆ ಒಂದೊಂದು ಪ್ರೋಗ್ರಾಂಗೂ ಬೇರೆ ಬೇರೆ ಹೇಳಬಹುದು. ಗೇಮ್‌ಗಳಿಗೆ ಹೈ ಪರ್ಫಾರ್ಮೆನ್ಸ್, ಬ್ರೌಸರ್ ಮತ್ತು ಲಾಂಚರ್‌ಗೆ ಪವರ್ ಸೇವಿಂಗ್. ವಾಲ್‌ಪೇಪರ್ ಅಳಿಸಿದೆ. ಯಾರೂ ಹಿಡಿದುಕೊಳ್ಳದಿದ್ದರೆ ದೊಡ್ಡ ಗ್ರಾಫಿಕ್ಸ್ ತಾನೇ ನಿದ್ದೆಗೆ ಹೋಗುತ್ತದೆ. ಪೂರ್ತಿ ಆಫ್ ಮಾಡಿದ್ದಕ್ಕೂ ಇದಕ್ಕೂ ಬ್ಯಾಟರಿಯಲ್ಲಿ ನನಗೆ ಕಂಡ ವ್ಯತ್ಯಾಸ ಅಷ್ಟೇನಿಲ್ಲ. ಒಂದು ಮಾತು: ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ದೊಡ್ಡ ಗ್ರಾಫಿಕ್ಸ್‌ಗೇ ಸೇರಿರುತ್ತದೆ. ಹೊರಗಿನ ಮಾನಿಟರ್ ಹಾಕಿದ್ದರೆ ಅದು ಮಲಗುವುದಿಲ್ಲ.

ಇದೇ ಲ್ಯಾಪ್‌ಟಾಪ್‌ನಲ್ಲಿ ನನ್ನ ತಮ್ಮ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಉಬುಂಟು ಹಾಕಿಕೊಂಡಿದ್ದಾನೆ. ಅಲ್ಲಿ 'ಪ್ರೈಮ್ ಸೆಲೆಕ್ಟ್' ಆಜ್ಞೆ ಕೊಟ್ಟು ಮೋಡ್ ಬದಲಿಸಿದ ಮೇಲೆ ರೀಬೂಟ್ ಮಾಡುತ್ತಾನೆ, ಅಷ್ಟೇ. "ನಿಂಗೆ ಅವಸರ ಜಾಸ್ತಿ ಅಣ್ಣ" ಅಂತ ನನಗೇ ಹೇಳುತ್ತಾನೆ. ಗೇಮ್‌ಗಳೆಲ್ಲ ಅದರಲ್ಲಿ ಓಡುವುದಿಲ್ಲ, ಹಾಗಾಗಿ ನಾನು ಆ ಕಡೆ ಹೋಗಲಿಲ್ಲ.

ಸಾಫ್ಟ್‌ವೇರ್ ಬಿಟ್ಟು ಇನ್ವರ್ಟರ್ ಕಡೆಯೂ ಸ್ವಲ್ಪ ನೋಡಿ. ಬಹಳಷ್ಟು ಮನೆ ಇನ್ವರ್ಟರ್‌ಗಳಲ್ಲಿ ಇಕೋ ಮತ್ತು ಯುಪಿಎಸ್ ಅಂತ ಎರಡು ಆಯ್ಕೆಯ ಸ್ವಿಚ್ ಇರುತ್ತದೆ. ನಮ್ಮದು ಇಕೋದಲ್ಲಿತ್ತು. ಕರೆಂಟ್ ಹೋದಾಗ ಬ್ಯಾಟರಿಗೆ ಬರುವುದು ತಡವಾಗುತ್ತಿತ್ತು, ಅಷ್ಟರಲ್ಲಿ ಲ್ಯಾಪ್‌ಟಾಪ್‌ಗೆ ಚಾರ್ಜರ್ ಹೋದದ್ದು ಗೊತ್ತಾಗುತ್ತಿತ್ತು. ಯುಪಿಎಸ್‌ಗೆ ತಿರುಗಿಸಿದ ಮೇಲೆ ಆ ಮಿನುಗು ಕಾಣುವುದಿಲ್ಲ. ಆದರೆ ಯುಪಿಎಸ್ ಮೋಡ್ ಕಡಿಮೆ ವೋಲ್ಟೇಜ್ ಸಹಿಸುವುದಿಲ್ಲ, ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಗೆ ಹಾರುತ್ತದೆ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಎಷ್ಟಿರುತ್ತದೆ ಅಂತ ನೋಡಿಕೊಂಡೇ ಆ ಸ್ವಿಚ್ ತಿರುಗಿಸಿ.