ಹೆಚ್ಚಿಟ್ಟ ಬರ್ಡಾಕ್ ಬೇರಿನ ಪ್ಯಾಕೆಟ್: ಐದಕ್ಕೆ ಎರಡು ಸ್ಟಾರ್

ಮಣ್ಣು ಮೆತ್ತಿದ ಬರ್ಡಾಕ್ ಬೇರನ್ನು ಉಜ್ಜಿ ಹೆಚ್ಚುವ ರಗಳೆ ಯಾಕೆ ಅಂತ ಹೆಚ್ಚಿಟ್ಟ ಪ್ಯಾಕೆಟ್ ತಂದೆ. ಜಪಾನಿನವರು ಗೊಬೊ ಅಂತ ಕರೆದು ತರಕಾರಿಯ ಹಾಗೆ ತಿನ್ನುವ ಉದ್ದನೆಯ ಬೇರು ಇದೇ. ಸಣ್ಣಗೆ ಸೀಳಿದ ಚೂರುಗಳು, ನೀರು ತುಂಬಿ ಸೀಲ್ ಮಾಡಿದ ಕವರ್.

ನೋಡೋಕೆ ಚೆನ್ನಾಗಿದೆ. ಎಲ್ಲ ಚೂರೂ ಒಂದೇ ಅಳತೆ, ಬೆಳ್ಳಗಿವೆ. ನೀರು ಬಸಿದರೆ ಬಾಣಲೆಗೆ ರೆಡಿ. ಆದರೆ ಮೂಗಿನ ಹತ್ತಿರ ಹಿಡಿದರೆ ಸಣ್ಣ ಹುಳಿ ವಾಸನೆ ಬಿಟ್ಟು ಏನೂ ಇಲ್ಲ. ಗೊಬೊ ಅಂದಮೇಲೆ ಮಣ್ಣಿನ ಘಮ ಬೇಕು ಅಲ್ವಾ? ಅದು ಜಾಸ್ತಿ ಇರುವುದೇ ಸಿಪ್ಪೆಯಲ್ಲಿ, ಸಿಪ್ಪೆಗೆ ಅಂಟಿದ ಭಾಗದಲ್ಲಿ. ಇವರು ಸಿಪ್ಪೆಯನ್ನು ಪೂರ್ತಿ ತೆಗೆದುಬಿಟ್ಟಿದ್ದಾರೆ. ಉಳಿದ ರುಚಿ ನೀರಿಗೆ ಇಳಿದಿದೆ.

ಕಿನ್ಪಿರಾ ಮಾಡಿದೆ, ಅಂದರೆ ಬೇರನ್ನು ಸೋಯಾ ಸಾಸಿನಲ್ಲಿ ಹುರಿದ ಜಪಾನೀ ಪಲ್ಯ. ಎಳ್ಳೆಣ್ಣೆ, ಒಣಮೆಣಸಿನಕಾಯಿ, ಉದ್ದುದ್ದ ಹೆಚ್ಚಿದ ಕ್ಯಾರೆಟ್, ಕೊನೆಗೆ ಸೋಯಾ ಸಾಸ್, ಮಿರಿನ್ (ಅಡುಗೆಗೆ ಹಾಕುವ ಸಿಹಿ ಅಕ್ಕಿ ವೈನ್), ಚೂರು ಸಕ್ಕರೆ. ದೊಡ್ಡ ಉರಿಯಲ್ಲಿ ಬೇಗ ಹುರಿದು, ಸಾಸ್ ಪೂರ್ತಿ ಇಂಗುವವರೆಗೆ ಕೈಯಾಡಿಸಬೇಕು. ಬೇರು ಹಲ್ಲಿಗೆ ಕರಕ್ ಅನ್ನಬೇಕು. ಈ ಚೂರುಗಳು ಬಾಣಲೆಗೆ ಬಿದ್ದ ಕೂಡಲೇ ನೀರು ಬಿಟ್ಟವು. ಹುರಿಯುವುದು ಹೋಗಿ ಬೇಯತೊಡಗಿದವು. ಒಲೆಯಿಂದ ಇಳಿಸುವಾಗ ಮೆತ್ತಗಾಗಿದ್ದವು, ಜಗಿದರೆ ನಾರು ಮಾತ್ರ. ನಾಲಿಗೆಗೆ ಸಿಕ್ಕಿದ್ದು ಸೋಯಾ ಸಾಸ್ ಅಷ್ಟೇ. ಉಳಿದದ್ದನ್ನು ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿಗೆ ಹಾಕಿದೆ, ಅಲ್ಲಿ ಪರವಾಗಿಲ್ಲ.

ಇಡೀ ಬೇರಿನ ಕೆಲಸ ಹೆದರುವಷ್ಟೇನೂ ಇಲ್ಲ. ಪೀಲರ್ ಬೇಡವೇ ಬೇಡ. ಬ್ರಷ್ಷಿನಿಂದ ಮಣ್ಣು ಉಜ್ಜಿ, ಚಾಕುವಿನ ಬೆನ್ನಿನಿಂದ ಹಗುರವಾಗಿ ಕೆರೆದರೆ ಸಾಕು. ಅಲ್ಲಲ್ಲಿ ಕಂದು ಬಣ್ಣ ಉಳಿದರೆ ಉಳಿಯಲಿ. ಆಮೇಲೆ ಬೇರನ್ನು ತಿರುಗಿಸುತ್ತಾ, ಪೆನ್ಸಿಲ್ ಹೆರೆದ ಹಾಗೆ ಹೆರೆಯಿರಿ. ಇದಕ್ಕೆ ಸಾಸಗಾಕಿ ಅನ್ನುತ್ತಾರೆ. ಗಾಳಿ ತಾಗಿದರೆ ಬೇಗ ಕಪ್ಪಾಗುತ್ತದೆ, ಹಾಗಾಗಿ ಚೂರುಗಳು ನೇರ ನೀರಿನ ಬಟ್ಟಲಿಗೇ ಉದುರಲಿ. ಆ ನೀರಿಗೆ ಒಂಚೂರು ವಿನೆಗರ್. ಐದು ನಿಮಿಷದ ಮೇಲೆ ಇಡಬೇಡಿ. ನೀರು ಕಂದಾಯಿತು ಅಂತ ಕೆಲವರು ಮತ್ತೆ ಮತ್ತೆ ಬದಲಿಸುತ್ತಾರೆ. ಅದು ಕೊಳೆ ಅಲ್ಲ, ಬೇರಿನಲ್ಲೇ ಇರುವ ಪಾಲಿಫಿನಾಲ್ ಅನ್ನುವ ಸಹಜ ಅಂಶ. ಸುಮ್ನೆ ರುಚಿ ಚೆಲ್ಲಿದಂತೆ.

ತರುವಾಗ ಎರಡು ಸೆಂಟಿಮೀಟರ್ ದಪ್ಪದ, ಗಟ್ಟಿಯಾಗಿರುವ ಬೇರು ನೋಡಿ. ತೀರಾ ದಪ್ಪಗಿದ್ದರೆ ಒಳಗೆ ಟೊಳ್ಳಿರಬಹುದು. ಜೋತುಬಿದ್ದದ್ದು ಹಳೆಯದು. ತೊಳೆದು ಮಾರುವುದಕ್ಕಿಂತ ಮಣ್ಣು ಸಮೇತ ಇರುವುದು ನಿಧಾನಕ್ಕೆ ಒಣಗುತ್ತದೆ. ಪೇಪರಿನಲ್ಲಿ ಸುತ್ತಿ ತಂಪಾದ ಕಡೆ ಇಟ್ಟರಾಯಿತು.

ಎರಡು ಸ್ಟಾರ್ ಕೊಟ್ಟದ್ದು ಸೂಪಿಗೆ. ಪ್ಯಾಕೆಟ್ ಮಾಡುವವರು ಅರ್ಧ ಸಿಪ್ಪೆಯನ್ನಾದರೂ ಉಳಿಸಿ, ನೀರಿಲ್ಲದೆ ಫ್ರೀಜ್ ಮಾಡಿ ಕೊಟ್ಟರೆ ಇನ್ನೊಮ್ಮೆ ತಂದು ನೋಡುತ್ತೇನೆ.