ಎಪ್ಕಾಟ್‌ನಲ್ಲಿ ನಿಧಾನದ ರೈಡ್, ರಭಸದ ರೈಡ್: ಹತ್ತಿ ಇಳಿದು ಮಾಡಿದ ಹೋಲಿಕೆ

ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿರುವ ಎಪ್ಕಾಟ್ ಪಾರ್ಕು 1982ರ ಅಕ್ಟೋಬರ್ 1ರಂದು ಬಾಗಿಲು ತೆರೆದಾಗ ಎದೆ ಝಲ್ಲೆನಿಸುವ ರೈಡ್ ಅಲ್ಲಿ ಒಂದೂ ಇರಲಿಲ್ಲ. ಆರಾಮಾಗಿ ಕೂತು, ಎರಡೂ ಬದಿಯ ದೃಶ್ಯಗಳನ್ನು ನೋಡಿಕೊಂಡು ಬರುವಂಥವೇ ಎಲ್ಲ. ಆಮೇಲೆ ಅಂಥ ಮೂರನ್ನು ತೆಗೆದರು. ವರ್ಲ್ಡ್ ಆಫ್ ಮೋಷನ್ ಹೋಗಿ ಟೆಸ್ಟ್ ಟ್ರ್ಯಾಕ್ ಬಂತು, ಹೊರೈಜನ್ಸ್ ಹೋಗಿ ಮಿಷನ್ ಸ್ಪೇಸ್ ಬಂತು, ಯೂನಿವರ್ಸ್ ಆಫ್ ಎನರ್ಜಿ ಹೋಗಿ ಕಾಸ್ಮಿಕ್ ರಿವೈಂಡ್ ಬಂತು. ಹಳೆಯ ಬಗೆಯಲ್ಲಿ ಸ್ಪೇಸ್‌ಶಿಪ್ ಅರ್ತ್ ಮತ್ತು ಲಿವಿಂಗ್ ವಿತ್ ದ ಲ್ಯಾಂಡ್ ಉಳಿದಿವೆ. ಹಾಗಾಗಿ ಎರಡೂ ಬಗೆಯನ್ನು ಒಂದೇ ದಿನ ಹತ್ತಿ ಹೋಲಿಸಬಹುದು.

ಮೊದಲೇ ಹೇಳಿಬಿಡುತ್ತೇವೆ: ರಭಸದ ರೈಡ್ ಬರಲಿ, ಬೇಕು ಕೂಡ. ಆದರೆ ಹಳೆಯದನ್ನು ಕೆಡವಿದ ಜಾಗಕ್ಕಲ್ಲ, ಪಕ್ಕದ ಖಾಲಿ ಜಾಗಕ್ಕೆ ಬರಲಿ. ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ-ಅಮ್ಮನನ್ನು, ಜೊತೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಡಿಸ್ನಿ ವರ್ಲ್ಡ್ ಹತ್ತಿರದ ಆರ್ಲ್ಯಾಂಡೊಗೆ ಹೋಗುವುದು ನಮ್ಮವರಲ್ಲಿ ಸಾಮಾನ್ಯ. ಹಾಗೆ ಮೂರು ತಲೆಮಾರು ಒಟ್ಟಿಗೆ ಹೋದಾಗ ಯಾವ ರೈಡ್ ಎಲ್ಲರನ್ನೂ ಕೂರಿಸಿಕೊಳ್ಳುತ್ತದೆ, ಯಾವುದು ಅರ್ಧ ಜನರನ್ನು ಬೆಂಚಿನ ಮೇಲೆ ಬಿಟ್ಟುಹೋಗುತ್ತದೆ ಅನ್ನುವುದೇ ಇಲ್ಲಿ ನಮ್ಮ ಅಳತೆಗೋಲು.

ಸ್ಪೇಸ್‌ಶಿಪ್ ಅರ್ತ್ ಅಂದರೆ ಪಾರ್ಕಿನ ಬಾಗಿಲಲ್ಲೇ ಕಾಣುವ ಆ ಬೆಳ್ಳಿ ಬಣ್ಣದ ದೊಡ್ಡ ಗೋಳ, 180 ಅಡಿ ಎತ್ತರ. ಒಳಗಿನ ಗಾಡಿಗಳು ಒಂದಕ್ಕೊಂದು ಸೇರಿಕೊಂಡು ಸರಪಳಿಯ ಹಾಗೆ ಸಾಗುತ್ತಲೇ ಇರುತ್ತವೆ, ಹತ್ತುವಾಗಲೂ ನಿಲ್ಲುವುದಿಲ್ಲ. ಗಾಡಿಯಷ್ಟೇ ವೇಗದಲ್ಲಿ ಚಲಿಸುವ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಿ ಕೂರಬೇಕು. ಮಂಡಿನೋವಿನ ಅಜ್ಜಿ ಇದ್ದರೆ ಮೊದಲೇ ಸಿಬ್ಬಂದಿಗೆ ಹೇಳಿ, ವೇಗ ತಗ್ಗಿಸುತ್ತಾರೆ. ವೀಲ್‌ಚೇರಿನಲ್ಲಿರುವವರು ಎದ್ದು ಗಾಡಿಗೆ ಬದಲಾಗಲೇಬೇಕು. ಆಮೇಲೆ ಸುಮಾರು ಕಾಲು ಗಂಟೆ ಗುಹೆಯ ಚಿತ್ರಗಳಿಂದ ಹಿಡಿದು ಕಂಪ್ಯೂಟರಿನವರೆಗೆ ಮನುಷ್ಯ ಸುದ್ದಿ ಮುಟ್ಟಿಸಿದ ಕಥೆ. ರೋಮ್ ಉರಿದ ದೃಶ್ಯದಲ್ಲಿ ನಿಜವಾಗಿಯೂ ಸುಟ್ಟ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ, ಕಣ್ಣು ಹುಡುಕುವ ಮೊದಲೇ. ಗೋಳದ ತುದಿಯಲ್ಲಿ ಕತ್ತಲು, ನಕ್ಷತ್ರಗಳು, ದೂರದಲ್ಲಿ ಭೂಮಿ. ಅಲ್ಲಿ ಗಾಡಿ ಪೂರ್ತಿ ತಿರುಗಿ ಹಿಮ್ಮುಖವಾಗಿ ಇಳಿಯುತ್ತದೆ. ಎತ್ತರದ ಮಿತಿ ಇಲ್ಲ. ಕೈಗೂಸಿನ ತಾಯಿಯೂ ಹತ್ತಬಹುದು.

ನಿಲ್ಲದೆ ಸಾಗುವ ಸರಪಳಿಗೆ ಇನ್ನೊಂದು ಗುಣವಿದೆ: ಅದು ಜನರನ್ನು ನುಂಗುತ್ತದೆ. ಲೆಕ್ಕ ಹಾಕಿ ನೋಡಿ. ನಾಲ್ಕು ಸೀಟಿನ ಗಾಡಿ ಆರು ಸೆಕೆಂಡಿಗೊಂದು ಹೋದರೆ ಗಂಟೆಗೆ 600 ಗಾಡಿ, ಅಂದರೆ 2,400 ಜನ. ಹಳಿಯ ಮೇಲೆ ರಭಸದಿಂದ ಓಡುವ ರೋಲರ್ ಕೋಸ್ಟರಿನಲ್ಲಿ 20 ಸೀಟಿನ ಗಾಡಿ 40 ಸೆಕೆಂಡಿಗೊಮ್ಮೆ ಹೊರಟರೆ 1,800. ಆದರೆ ಅಲ್ಲಿ ಒಬ್ಬರ ಬ್ಯಾಗು ಒಳಗೆ ಹೋಗಲಿಲ್ಲ, ಇನ್ನೊಬ್ಬರನ್ನು ಸೀಟಿಗೆ ಹಿಡಿದಿಡುವ ಕಂಬಿ ಪೂರ್ತಿ ಕೂರಲಿಲ್ಲ ಅಂತ 40 ಸೆಕೆಂಡು 60 ಆಗುತ್ತದೆ, ಕೂಡಲೇ 1,200ಕ್ಕೆ ಇಳಿಯುತ್ತದೆ. ಮುಂದಿನ ಗಾಡಿ ಹೊರಡುವವರೆಗೆ ಹಿಂದಿನದು ಬ್ರೇಕಿನ ಮೇಲೆ ಕಾಯುತ್ತಾ ನಿಲ್ಲುತ್ತದೆ. ಕೋಸ್ಟರಿನ ಕ್ಯೂ ಬೆಳೆಯುವುದಕ್ಕೆ ಜನಪ್ರಿಯತೆಯಷ್ಟೇ ಕಾರಣವಲ್ಲ, ಈ ಲೆಕ್ಕವೂ ಕಾರಣ.

ನಿಧಾನದ ರೈಡ್ ಜನರನ್ನು ನುಂಗುತ್ತದೆ ಅನ್ನುವುದಕ್ಕೆ ಸಾಕ್ಷಿ ಹೊರೈಜನ್ಸ್‌ನದೇ ಚರಿತ್ರೆ. 1983ರಲ್ಲಿ ತೆರೆದ ಈ ರೈಡಿನ ಪ್ರಾಯೋಜಕತ್ವವನ್ನು ಜನರಲ್ ಎಲೆಕ್ಟ್ರಿಕ್ 1993ರಲ್ಲಿ ಬಿಟ್ಟಿತು, 1994ರ ಕೊನೆಗೆ ರೈಡನ್ನು ಮುಚ್ಚಿದರು. ಒಂದು ವರ್ಷದಲ್ಲಿ ಮತ್ತೆ ತೆರೆಯಬೇಕಾಯಿತು, ಏಕೆಂದರೆ ನೆರೆಯ ಎರಡು ದೊಡ್ಡ ರೈಡ್‌ಗಳು ಕೆಲಸಕ್ಕಾಗಿ ಮುಚ್ಚುವುದಿತ್ತು, ಬಂದ ಜನರಿಗೆ ಹೋಗಲು ಜಾಗ ಬೇಕಿತ್ತು. ಕೊನೆಗೆ 1999ರ ಜನವರಿ 9ರಂದು ಮುಚ್ಚಿ, ಕಟ್ಟಡವನ್ನೇ ಕೆಡವಿದರು. ಅದರಲ್ಲಿ ಕೂತವರೇ ಗುಂಡಿ ಒತ್ತಿ, ಮರುಭೂಮಿಯೋ ಸಮುದ್ರವೋ ಬಾಹ್ಯಾಕಾಶವೋ ಅಂತ ಕೊನೆಯ ದಾರಿಯನ್ನು ಆರಿಸಬಹುದಿತ್ತು. ಮರುಭೂಮಿಯ ತೋಟದ ದೃಶ್ಯದಲ್ಲಿ ಕಿತ್ತಳೆಯ ಘಮ. ಈಗ ಹಳೆಯ ವಿಡಿಯೊಗಳಲ್ಲಷ್ಟೇ ನೋಡಬೇಕು, ಘಮ ಮಾತ್ರ ಅದರಲ್ಲಿ ಬರುವುದಿಲ್ಲ.

ಅದೇ ನೆಲದ ಮೇಲೆ 2003ರಲ್ಲಿ ಎದ್ದದ್ದು ಮಿಷನ್ ಸ್ಪೇಸ್. ಹತ್ತು ಡಬ್ಬಿಗಳನ್ನು ಒಂದು ದೊಡ್ಡ ಯಂತ್ರಕ್ಕೆ ಕಟ್ಟಿ ಗಿರಗಿರ ತಿರುಗಿಸುತ್ತಾರೆ. ಡಬ್ಬಿಗೆ ನಾಲ್ವರು, ಯಂತ್ರಕ್ಕೆ ನಲವತ್ತು. ಒಳಗೆ ಕೂತವರಿಗೆ ತಿರುಗುತ್ತಿರುವುದು ಗೊತ್ತಾಗುವುದಿಲ್ಲ, ಎದೆಯ ಮೇಲೆ ಯಾರೋ ಒತ್ತಿ ಹಿಡಿದ ಹಾಗೆ ಅನ್ನಿಸುತ್ತದೆ, ಕೆನ್ನೆ ಕಿವಿಯ ಕಡೆಗೆ ಎಳೆಯುತ್ತದೆ. ರಾಕೆಟ್ ಏರುವ ಅನುಭವ ಬೇರೆ ಯಾವ ಪಾರ್ಕಿನಲ್ಲೂ ಇಷ್ಟು ನಿಜವಾಗಿ ಸಿಗುವುದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ತೊಂದರೆಯೂ ಅಲ್ಲೇ ಇದೆ. ತಿರುಗುವಾಗ ಕತ್ತನ್ನು ಪಕ್ಕಕ್ಕೆ ಹೊರಳಿಸಿದರೆ ಒಳಕಿವಿಯ ಅರ್ಧವೃತ್ತದ ನಾಳಗಳಲ್ಲಿನ ದ್ರವ ಬೇರೆ ದಿಕ್ಕಿನಲ್ಲಿ ಅಲುಗುತ್ತದೆ, ಮಿದುಳಿಗೆ ಉರುಳಿಬಿದ್ದಂತೆ ಸುದ್ದಿ ಹೋಗುತ್ತದೆ, ಹೊಟ್ಟೆ ತೊಳೆಸುತ್ತದೆ. ಕಣ್ಣು ಮುಚ್ಚಿದರೂ ಅಷ್ಟೇ, ಪರದೆಯ ಮೇಲಿನ ದಿಕ್ಕಿನ ಆಧಾರವೂ ತಪ್ಪುತ್ತದೆ. ಅದಕ್ಕೇ ಸಿಬ್ಬಂದಿ ಮತ್ತೆ ಮತ್ತೆ ಹೇಳುವುದು: ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣು ತೆರೆದು ಪರದೆಯ ಮಧ್ಯವನ್ನೇ ನೋಡಿ. ಪಕ್ಕದ ಮಗು ಕೂಗಿದರೂ ಆ ಕಡೆ ತಿರುಗಬೇಡಿ, ಬಾಯಲ್ಲೇ ಸಮಾಧಾನ ಹೇಳಿ. ವಾಂತಿಯ ಚೀಲಗಳು ಡಬ್ಬಿಯೊಳಗೇ ಇರುತ್ತವೆ.

2005ರಲ್ಲಿ ನಾಲ್ಕು ವರ್ಷದ ಒಂದು ಮಗು, 2006ರಲ್ಲಿ 49 ವರ್ಷದ ಒಬ್ಬ ಮಹಿಳೆ ಈ ರೈಡಿನ ನಂತರ ತೀರಿಕೊಂಡರು. ಮಗುವಿಗೆ ಹೃದಯದ ತೊಂದರೆ ಇತ್ತು, ಆಕೆಗೆ ಮಿದುಳಿನ ರಕ್ತಸ್ರಾವವಾಗಿತ್ತು. 2006ರ ಮೇ ತಿಂಗಳಿಂದ ತಿರುಗದ ಹಸಿರು ಆವೃತ್ತಿಯನ್ನೂ ಇಟ್ಟರು. ಈಗ ತಿರುಗುವ ಕಿತ್ತಳೆ ಆವೃತ್ತಿಗೆ 44 ಇಂಚು, ಹಸಿರಿಗೆ 40 ಇಂಚು ಎತ್ತರ ಬೇಕು. ಬಿ.ಪಿ., ಹೃದಯ, ಕುತ್ತಿಗೆ, ಬೆನ್ನಿನ ತೊಂದರೆ ಇರುವವರು, ಗರ್ಭಿಣಿಯರು ಕಿತ್ತಳೆಯ ಕಡೆ ಹೋಗಲೇಬಾರದು. ಎಲ್ಲರೂ ಹತ್ತುತ್ತಿದ್ದ ಜಾಗದಲ್ಲಿ ಮನೆಯ ಅರ್ಧ ಜನ ಹತ್ತಲಾಗದ ಯಂತ್ರ ಬಂದಿದೆ. ಮೂರರಲ್ಲಿ ಇದೇ ಕೆಟ್ಟ ಬದಲಾವಣೆ.

ಟೆಸ್ಟ್ ಟ್ರ್ಯಾಕ್‌ನ ಮೇಲೆ ನಮಗೆ ಅಷ್ಟು ಸಿಟ್ಟಿಲ್ಲ. ವರ್ಲ್ಡ್ ಆಫ್ ಮೋಷನ್‌ನ ಆ ದುಂಡನೆಯ ಕಟ್ಟಡವನ್ನೇ ಉಳಿಸಿಕೊಂಡಿದ್ದಾರೆ, ವಿಷಯವೂ ವಾಹನವೇ. ಆರು ಸೀಟಿನ ಕಾರು ಕೊನೆಗೆ ಕಟ್ಟಡದ ಹೊರಗೆ ಸುಮಾರು 65 ಮೈಲಿ, ಅಂದರೆ ಗಂಟೆಗೆ 104 ಕಿ.ಮೀ. ವೇಗದಲ್ಲಿ ಸುತ್ತು ಹಾಕುತ್ತದೆ. ತಲೆಕೆಳಗಾಗುವುದಿಲ್ಲ, ಗಟ್ಟಿಯಾದ ಅರವತ್ತರ ಅಜ್ಜನೂ ನಗುತ್ತಾ ಇಳಿಯಬಹುದು. ಆದರೆ 1997ಕ್ಕೆ ಬರಬೇಕಿದ್ದುದು 1999ರವರೆಗೆ ತಡವಾಯಿತು. ಒಂದು ಕಾರು ನಿಂತರೆ ಹಿಂದಿನವೂ ನಿಲ್ಲಬೇಕು. ಸಿಡಿಲಿದ್ದರೆ ಹೊರಗಿನ ಸುತ್ತಿನಿಂದಾಗಿ ರೈಡೇ ಬಂದ್. ಆರ್ಲ್ಯಾಂಡೊದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು-ಮಳೆ ದಿನಚರಿಯ ಹಾಗೆ, ಆದ್ದರಿಂದ ಇದನ್ನು ಬೆಳಗ್ಗೆಯೇ ಮುಗಿಸಿ.

ಕಾಸ್ಮಿಕ್ ರಿವೈಂಡ್ (2022) ಕೋಸ್ಟರಾಗಿ ಅದ್ಭುತ. ಹಿಮ್ಮುಖವಾಗಿ ಚಿಮ್ಮುತ್ತದೆ, ಕತ್ತಲಲ್ಲಿ ಗಾಡಿ ತಾನೇ ತಿರುಗಿ ನೋಡಬೇಕಾದ ಕಡೆ ಮುಖ ಮಾಡಿಸುತ್ತದೆ, ಆರು ಹಾಡುಗಳಲ್ಲಿ ಯಾವುದಾದರೂ ಒಂದು ಬರುತ್ತದೆ. ಎಲ್ಲೂ ಕುಲುಕಾಟವಿಲ್ಲ. ಕತ್ತಲು, ಹಿಮ್ಮುಖ, ತಿರುಗಾಟ ಮೂರೂ ಸೇರುವುದರಿಂದ ಬಸ್ಸಿನಲ್ಲಿ ವಾಂತಿಯಾಗುವವರು ದೂರ ಇರುವುದು ಒಳ್ಳೆಯದು. ಹತ್ತಲು 42 ಇಂಚು ಎತ್ತರ ಬೇಕು. ಗಮನಿಸಿ: ಕೋಸ್ಟರಿನ ಹಳಿ ಇರುವುದು ಹಿಂಬದಿಗೆ ಹೊಸದಾಗಿ ಕಟ್ಟಿದ ಭಾರೀ ಕಟ್ಟಡದಲ್ಲಿ. ಯೂನಿವರ್ಸ್ ಆಫ್ ಎನರ್ಜಿಯ ಹಳೆಯ ಕಟ್ಟಡ ಬಹುಪಾಲು ಕ್ಯೂಗೆ ಮತ್ತು ಆರಂಭದ ಪ್ರದರ್ಶನಕ್ಕೆ ಬಳಕೆಯಾಗಿದೆ. ಡೈನೋಸಾರ್ ಬೊಂಬೆಗಳ ನಡುವೆ ಮುಕ್ಕಾಲು ಗಂಟೆ ತಂಪಾಗಿ ಕೂರುತ್ತಿದ್ದ ಜಾಗದಲ್ಲಿ ಈಗ ಜನ ನಿಂತು ಕಾಯುತ್ತಾರೆ.

ಹಳೆಯದೆಲ್ಲ ಚಿನ್ನ ಅನ್ನುತ್ತಿಲ್ಲ. ಯೂನಿವರ್ಸ್ ಆಫ್ ಎನರ್ಜಿ ಕೊನೆಯ ವರ್ಷಗಳಲ್ಲಿ ಹೇಳುತ್ತಿದ್ದುದು 1996ರ ಕಥೆಯನ್ನು. ಇಂಧನದ ವಿಷಯದಲ್ಲಿ ಅಷ್ಟು ವರ್ಷ ಬಹಳ ದೊಡ್ಡದು. ಬೊಂಬೆಯ ಕೈ ನಿಂತುಹೋದರೆ, ಬಣ್ಣ ಮಾಸಿದರೆ ಸರಿಪಡಿಸಲು ಹಣ ಹಾಕಬೇಕು. ಹಾಕದೆ ಬಿಟ್ಟು, ಜನ ಬರುತ್ತಿಲ್ಲ ಅಂತ ಮುಚ್ಚುವುದು ಅನ್ಯಾಯ. ಗಾಡಿ, ಹಳಿ, ಕಟ್ಟಡ ಇಟ್ಟುಕೊಂಡು ದೃಶ್ಯಗಳನ್ನಷ್ಟೇ ಬದಲಿಸಬಹುದು. ಎಪ್ಕಾಟ್‌ನ ನಾರ್ವೆ ವಿಭಾಗದಲ್ಲಿ 2014ರಲ್ಲಿ ಮುಚ್ಚಿದ ದೋಣಿಯ ರೈಡ್ ಹಾಗೆಯೇ 2016ರಲ್ಲಿ ಹೊಸ ವೇಷದಲ್ಲಿ ಬಂತು.

ಮನೆಮಂದಿಯೊಂದಿಗೆ ಹೋಗುವವರು ಹೀಗೆ ಮಾಡಿ: ಬಾಗಿಲು ತೆರೆದ ಕೂಡಲೇ ಟೆಸ್ಟ್ ಟ್ರ್ಯಾಕ್, ಆಮೇಲೆ ಕಾಸ್ಮಿಕ್ ರಿವೈಂಡ್. ಮಗುವಿಗೆ ಎತ್ತರ ಸಾಲದಿದ್ದರೆ ಬಾಗಿಲಲ್ಲಿ ರೈಡರ್ ಸ್ವಿಚ್ ಕೇಳಿ, ಒಬ್ಬರು ಇಳಿದ ಮೇಲೆ ಮಗುವಿನ ಜೊತೆ ನಿಂತವರು ಪೂರ್ತಿ ಕ್ಯೂ ಇಲ್ಲದೆ ಹತ್ತಬಹುದು. ಮಿಷನ್ ಸ್ಪೇಸ್ ಬೇಕೇ ಬೇಕೆಂದರೆ ಊಟಕ್ಕೆ ಮೊದಲು. ಬಿಸಿಲು ಏರಿದ ಮೇಲೆ ಎಲ್ಲರೂ ಲಿವಿಂಗ್ ವಿತ್ ದ ಲ್ಯಾಂಡ್‌ನ ದೋಣಿ ಹತ್ತಿ, ವೀಲ್‌ಚೇರನ್ನೂ ದೋಣಿಗೆ ಏರಿಸುತ್ತಾರೆ. ಹಸಿರುಮನೆಯಲ್ಲಿ ಮಣ್ಣಿಲ್ಲದೆ ಬೆಳೆದ ಟೊಮೆಟೊ, ಬದನೆ, ಬಾಳೆ ಕೈಗೆಟಕುವಷ್ಟು ಹತ್ತಿರದಲ್ಲಿ ಹಾದುಹೋಗುತ್ತವೆ. ಊರಲ್ಲಿ ತೋಟ ಇರುವ ಅಪ್ಪನನ್ನು ದೋಣಿಯ ಅಂಚಿಗೆ ಕೂರಿಸಿ. ಬೇರುಗಳು ಗಾಳಿಯಲ್ಲಿ ತೂಗಾಡುತ್ತಿರುತ್ತವೆ, ಅವಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ಅವರು ಕೇಳಿಯೇ ಕೇಳುತ್ತಾರೆ.