ಬೂಸಾ, ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ: ಸೆಲ್ಯುಲೇಸ್‌ಗೆ ಯಾವುದು ವಾಸಿ?

ಘನಸ್ಥಿತಿ ಹುದುಗುವಿಕೆಯಲ್ಲಿ, ಅಂದರೆ ನೀರಿನಲ್ಲಿ ಮುಳುಗಿಸದೆ ಬರೀ ತೇವದ ಘನವಸ್ತುವಿನ ಮೇಲೆ ಶಿಲೀಂಧ್ರ ಬೆಳೆಸಿ, ಕಿಣ್ವ ತೆಗೆಯಲು ಯಾವ ಕೃಷಿತ್ಯಾಜ್ಯ ಒಳ್ಳೆಯದು ಎಂದು ಕೇಳಿದರೆ ಹೆಚ್ಚಿನವರು ಹಿಂದೆಮುಂದೆ ನೋಡದೆ ಗೋಧಿ ಬೂಸಾ ಎನ್ನುತ್ತಾರೆ. ಜಪಾನಿನ ರಸಾಯನವಿಜ್ಞಾನಿ ಜೊಕಿಚಿ ತಕಾಮಿನೆ 1894ರಲ್ಲಿ ಪೇಟೆಂಟ್ ಪಡೆದ ಡಯಾಸ್ಟೇಸ್ ಕೂಡ ಬೂಸಾದ ಮೇಲೆ ಬೆಳೆದ ಆಸ್ಪರ್ಜಿಲಸ್ ಶಿಲೀಂಧ್ರದ್ದೇ. ಆದರೆ ಅವರಿಗೆ ಬೇಕಿದ್ದದ್ದು ಪಿಷ್ಟ ಕರಗಿಸುವ ಕಿಣ್ವ, ನನಗೆ ಬೇಕಿದ್ದದ್ದು ನಾರು ಕರಗಿಸುವ ಸೆಲ್ಯುಲೇಸ್. ಹಾಗಾಗಿ ಟ್ರೈಕೋಡರ್ಮಾ ರೀಸೈ ಶಿಲೀಂಧ್ರವನ್ನು ಮೂರರ ಮೇಲೂ ಬೆಳೆಸಿ ನೋಡಿದೆ. ಸೂಕ್ಷ್ಮಜೀವಿಗಳನ್ನು ಕೊಲ್ಲಲು 121 ಡಿಗ್ರಿಯ ಆಟೊಕ್ಲೇವ್ (ಒತ್ತಡದ ಹಬೆ), ಶೇ 65ರ ಆಸುಪಾಸಿನ ತೇವಾಂಶ, 30 ಡಿಗ್ರಿ ಕಾವು ಎಲ್ಲಕ್ಕೂ ಒಂದೇ.

ಕಣ್ಣಿಗೆ ಗೆದ್ದದ್ದು ಬೂಸಾ. ಅದರಲ್ಲಿ ಪ್ರೋಟೀನ್ ಶೇ 15ರಷ್ಟು ಇರುವುದರಿಂದ ಸಾರಜನಕ ಬೇರೆ ಹಾಕಬೇಕಿಲ್ಲ. ಬಿಳಿಯ ಎಳೆಗಳು ಬೇಗನೆ ಹಬ್ಬಿ ಟ್ರೇಯಲ್ಲಿದ್ದದ್ದೆಲ್ಲ ಒಂದೇ ಹಲಗೆಯಂತೆ ಕಟ್ಟಿಕೊಂಡವು. ತೊಂದರೆ ಶುರುವಾಗುವುದೇ ಅಲ್ಲಿ. ಗಂಟು ಕಟ್ಟಿದ ಪದರದೊಳಗೆ ಗಾಳಿ ಆಡುವುದಿಲ್ಲ, ಬೆಳವಣಿಗೆಯ ಶಾಖ ಹೊರಬರುವುದಿಲ್ಲ. ಟ್ರೇಯ ತಳ ಮುಟ್ಟಿದರೆ ಬಿಸಿ, ಮುಚ್ಚಳದ ಒಳಗೆಲ್ಲ ನೀರಹನಿ. ಕೆದಕಿ ಸಡಿಲಿಸೋಣವೆಂದರೆ ಎಳೆಗಳು ತುಂಡಾಗುತ್ತವೆ. ಇದಕ್ಕಿಂತ ದೊಡ್ಡ ತಕರಾರು ಪಿಷ್ಟದ್ದು: ಸುಲಭದ ಸಕ್ಕರೆ ಸಿಗುತ್ತಿರುವಷ್ಟು ಕಾಲ ಶಿಲೀಂಧ್ರ ಸೆಲ್ಯುಲೇಸ್ ತಯಾರಿಸುವ ಗೋಜಿಗೆ ಹೋಗುವುದಿಲ್ಲ. ಆ ಸಕ್ಕರೆ ಅಳತೆಯನ್ನೂ ಕೆಡಿಸುತ್ತದೆ. ಕಿಣ್ವ ಕಾಗದದಿಂದ ಎಷ್ಟು ಸಕ್ಕರೆ ಬಿಡಿಸುತ್ತದೆ ಎಂದು ಅಳೆಯುವ ಫಿಲ್ಟರ್ ಪೇಪರ್ ಪರೀಕ್ಷೆಯಲ್ಲಿ ಕಾಗದವನ್ನೇ ಹಾಕದ ನಳಿಕೆಯೂ, ಸಕ್ಕರೆ ಇದ್ದರೆ ಕೆಂಪಾಗುವ ಡಿಎನ್ಎಸ್ ದ್ರಾವಣದ ಜೊತೆ ಕುದಿಸಿದಾಗ ಕೆಂಪಡರಿತು. ಆ ಕಾಗದವಿಲ್ಲದ ನಳಿಕೆಯ ಅಂಕಿಯನ್ನು (ಬ್ಲಾಂಕ್) ಕಳೆಯದೆ ಬರೆದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಭತ್ತದ ಹುಲ್ಲಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಿಲಿಕಾ, ಲಿಗ್ನಿನ್ ಎರಡೂ ಅಡ್ಡ, ಸಾರಜನಕವೂ ಸಾಲದು. ಕ್ಷಾರದಲ್ಲಿ ನೆನೆಸಿದರೆ ಶಿಲೀಂಧ್ರ ಹಿಡಿಯುತ್ತದೆ ನಿಜ, ಆದರೆ ಆ ಕ್ಷಾರವನ್ನು ತೊಳೆಯಲು ಸುರಿಯುವ ನೀರನ್ನು ನೋಡಿದರೆ ಕಡಿಮೆ ನೀರಿನ ವಿಧಾನ ಎಂಬ ಹೆಗ್ಗಳಿಕೆಯೇ ನಗೆಪಾಟಲು.

ಕಬ್ಬಿನ ಸಿಪ್ಪೆಯ ಮೇಲೆ ಬೆಳೆ ಬಂದಿದೆಯೋ ಇಲ್ಲವೋ ಎಂದು ಕಣ್ಣಗಲಿಸಿ ಹುಡುಕಬೇಕು. ಉಳಿದ ಸಕ್ಕರೆ ಹೋಗುವಂತೆ ಮೊದಲೇ ತೊಳೆಯಬೇಕು, ಅಮೋನಿಯಂ ಸಲ್ಫೇಟ್ ಕೊಡಬೇಕು, ಕಾಯಬೇಕು. ಆದರೂ ನಾರು ನಾರಾಗಿ ಬಿಡಿಯಾಗಿಯೇ ಉಳಿಯುವ ಅದರ ಗುಣ ಮತ್ತಾವುದಕ್ಕೂ ಇಲ್ಲ. ಆ ಗುಣವನ್ನು ಬೂಸಾಕ್ಕೆ ಸಾಲ ಕೊಡಿಸಿದಾಗಲೇ ಆಟ ಬದಲಾದದ್ದು. ಎರಡು ಪಾಲು ಸಿಪ್ಪೆ, ಒಂದು ಪಾಲು ಬೂಸಾ: ಬೂಸಾ ಶಿಲೀಂಧ್ರಕ್ಕೆ ಆರಂಭದ ಊಟ, ಸಿಪ್ಪೆ ಗಾಳಿಗೆ ದಾರಿ, ಬೂಸಾ ಮುಗಿದ ಮೇಲೆ ಸೆಲ್ಯುಲೋಸ್‌ಗೇ ಕೈಹಾಕಬೇಕಾದ ಅನಿವಾರ್ಯತೆ. ನನ್ನ ಮಟ್ಟಿಗೆ ಸೆಲ್ಯುಲೇಸ್ ಅತಿ ಹೆಚ್ಚು ಸಿಕ್ಕಿದ್ದು ಈ ಮಿಶ್ರಣದಿಂದ. ಕಿಣ್ವದ ರಸ ಹಿಂಡುವುದೂ ಹಗುರ; ಬರೀ ಬೂಸಾದ ರಸ ಗಂಜಿಯಂತೆ ಮಸ್ಲಿನ್ ಬಟ್ಟೆಯ ಕಣ್ಣು ಮುಚ್ಚಿಬಿಡುತ್ತದೆ.

ಪಿಷ್ಟ ಕರಗಿಸುವ ಅಮೈಲೇಸ್ ಬೇಕಿದ್ದವರು ಈ ಕಸರತ್ತಿಗೆ ಇಳಿಯಬೇಕಿಲ್ಲ. ಬೂಸಾವನ್ನು ತೆಳುವಾಗಿ ಹರಡಿ, ಆಸ್ಪರ್ಜಿಲಸ್ ಬೀಜಕ ಕಟ್ಟುವ ಮೊದಲೇ ತೆಗೆದರೆ ಸಾಕು. ಯಾವುದನ್ನೇ ಹೋಲಿಸಿದರೂ ಕಿಣ್ವದ ಯೂನಿಟ್‌ಗಳನ್ನು (ಚಟುವಟಿಕೆಯ ಅಳತೆ) ಒಣ ತೂಕದ ಪ್ರತಿ ಗ್ರಾಂಗೆ ಲೆಕ್ಕ ಹಾಕಿ. ಮಿಲಿಲೀಟರ್ ಲೆಕ್ಕದಲ್ಲಿ ಗೆದ್ದದ್ದು ಸಿಪ್ಪೆಯೋ, ಕಿಣ್ವ ತೆಗೆಯುವ ದ್ರಾವಣವಾದ ಬಫರ್ ಕಡಿಮೆ ಸುರಿದ ಕೈಯೋ ಗೊತ್ತಾಗುವುದಿಲ್ಲ.